ಎಂಜಿನ್ ಥ್ರೆಡ್ ಹೋದಾಗ: ಕಳೆದ ಬಿಗಿತವನ್ನು ಮರಳಿ ಪಡೆಯುವ ಬಗೆ

ಎಂಜಿನ್‌ನ ಮೇಲ್ಭಾಗವಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ನಿಂದ ಬಿಚ್ಚಿದ ಬೋಲ್ಟೊಂದನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟಿದ್ದೇನೆ. ನೋಡಿ ಹಿಂದಿನವರಿಗೆ ದಾಟಿಸಿ. ಅದರ ತುದಿಯ ಥ್ರೆಡ್‌ಗಳ, ಅಂದರೆ ತಿರುಪಿನ ಸುತ್ತುಗೆರೆಗಳ ನಡುವೆ ಬೆಳ್ಳಗೆ ಹೊಳೆಯುವ ಒಂದು ಎಳೆ ಸುತ್ತಿಕೊಂಡಿರುವುದು ಕಾಣುತ್ತದೆ. ಉಗುರಿನಿಂದ ಅದರ ತುದಿಯನ್ನು ಎಬ್ಬಿಸಿದರೆ ಪೆನ್ನಿನೊಳಗಿನ ಸ್ಪ್ರಿಂಗ್‌ನಂತೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಅದು ಹೆಡ್‌ನ ಲೋಹ. ರಂಧ್ರದ ಒಳಗೋಡೆಯಲ್ಲಿ ಇರಬೇಕಾಗಿದ್ದ ಥ್ರೆಡ್ ಬುಡಸಮೇತ ಕತ್ತರಿಸಿಕೊಂಡು ಬೋಲ್ಟ್‌ನ ಜೊತೆಗೆ ಹೊರಗೆ ಬಂದಿದೆ. ಬೋಲ್ಟ್‌ನ ಥ್ರೆಡ್‌ಗೆ ಮಾತ್ರ ಒಂದು ಗೀರೂ ಬಿದ್ದಿಲ್ಲ.

ಇಂಥ ಬೋಲ್ಟ್ ಕೈಗೆ ಬಂದಾಗ ಬಹುತೇಕರ ಮನಸ್ಸಿಗೆ ಮೊದಲು ಬರುವ ಪ್ರಶ್ನೆ, ಈ ರಂಧ್ರದಲ್ಲಿ ಬೋಲ್ಟ್ ಮತ್ತೆ ನಿಲ್ಲುವಂತೆ ಮಾಡುವುದು ಹೇಗೆ ಎಂಬುದು. ಆ ಪ್ರಶ್ನೆ ಸಾಲದು ಎಂಬುದು ನನ್ನ ಅಭಿಪ್ರಾಯ. ಬೋಲ್ಟ್ ನಿಲ್ಲುವುದು ಬೇರೆ, ಬಿಗಿಯುವುದು ಬೇರೆ. ಅಂಟು ಹಾಕಿದರೂ ಬೋಲ್ಟ್ ನಿಲ್ಲುತ್ತದೆ, ಟೇಪ್ ಸುತ್ತಿ ತಿರುಗಿಸಿದರೂ ನಿಲ್ಲುತ್ತದೆ. ಆದರೆ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವ ಬಲ ಅಲ್ಲಿ ಹುಟ್ಟುವುದಿಲ್ಲ. ಈ ಜಾಗದಲ್ಲಿ ಎಷ್ಟು ಬಿಗಿತ ಬೇಕು, ಅದನ್ನು ಇನ್ನು ಮುಂದೆ ಯಾವ ಲೋಹ ಹೊರಬೇಕು ಎಂದು ಕೇಳಿಕೊಂಡರೆ ಯಾವ ದುರಸ್ತಿ ಸರಿ, ಯಾವುದು ಸರಿಯಲ್ಲ ಎಂಬುದು ತಾನಾಗಿ ತಿಳಿಯತೊಡಗುತ್ತದೆ. ಇಂದಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ.

ಬಿಗಿತ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಬೋಲ್ಟ್‌ನ ತಲೆ ತನ್ನ ಜಾಗದಲ್ಲಿ ಕೂತ ಮೇಲೂ ನಾವು ಸ್ಪ್ಯಾನರ್ ತಿರುಗಿಸುತ್ತೇವಲ್ಲ, ಆ ಕೊನೆಯ ತಿರುವಿನಲ್ಲಿ ಬೋಲ್ಟ್ ಉದ್ದಕ್ಕೆ ಎಳೆಯಲ್ಪಟ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ತನ್ನ ಮೂಲ ಉದ್ದಕ್ಕೆ ಮರಳಲು ಯತ್ನಿಸುತ್ತಲೇ ಇರುತ್ತದೆ. ಆ ಎಳೆತವೇ ಭಾಗಗಳನ್ನು ಒತ್ತಿ ಹಿಡಿಯುತ್ತದೆ. ನಾವು ಕೈಯಿಂದ ಹಾಕುವ ತಿರುಗುಬಲದ, ಅಂದರೆ ಟಾರ್ಕ್‌ನ ಸುಮಾರು ಅರ್ಧ ಭಾಗ ಬೋಲ್ಟ್‌ನ ತಲೆಯ ಕೆಳಗಿನ ಘರ್ಷಣೆಯಲ್ಲಿ, ಇನ್ನು 40 ಪ್ರತಿಶತದಷ್ಟು ಥ್ರೆಡ್‌ಗಳ ಘರ್ಷಣೆಯಲ್ಲಿ ಕಳೆದುಹೋಗುತ್ತದೆ. ಬೋಲ್ಟನ್ನು ಎಳೆಯಲು ಉಳಿಯುವುದು ಸುಮಾರು 10 ಪ್ರತಿಶತ ಮಾತ್ರ. ಅಷ್ಟರಿಂದಲೇ ಹುಟ್ಟುವ ಬಲ ಎಷ್ಟೆಂದು ನೋಡಿ. 8 ಮಿ.ಮೀ. ವ್ಯಾಸದ, ಅಂದರೆ ಎಂ8 ಅಳತೆಯ ಸಾಧಾರಣ ಬೋಲ್ಟನ್ನು 25 ನ್ಯೂಟನ್ ಮೀಟರ್‌ಗೆ ಬಿಗಿದರೆ ಅದು ಸುಮಾರು 15 ಕಿಲೋನ್ಯೂಟನ್ ಬಲದಿಂದ, ಎಂದರೆ ಒಂದೂವರೆ ಟನ್ ತೂಕದಷ್ಟು ಬಲದಿಂದ ಎಳೆಯುತ್ತದೆ. ಬೆರಳಿಗಿಂತ ತೆಳ್ಳಗಿನ ಬೋಲ್ಟ್ ಒಂದು ಸಣ್ಣ ಕಾರಿನ ಭಾರವನ್ನು ಹೊರುತ್ತಿದೆ ಎಂದಾಯಿತು.

ಆ ಒಂದೂವರೆ ಟನ್ ಭಾರವನ್ನು ರಂಧ್ರದೊಳಗಿನ ಥ್ರೆಡ್‌ಗಳು ಸಮನಾಗಿ ಹಂಚಿಕೊಳ್ಳುವುದಿಲ್ಲ ಎಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ರಂಧ್ರದ ಬಾಯಿಗೆ ಹತ್ತಿರವಿರುವ ಮೊದಲ ಸುತ್ತೊಂದೇ ಮೂರರಲ್ಲೊಂದು ಪಾಲು ಭಾರ ಹೊರುತ್ತದೆ, ಎರಡನೆಯದು ಅದಕ್ಕಿಂತ ಕಡಿಮೆ, ಆರೇಳು ಸುತ್ತುಗಳಾಚೆಗೆ ಉಳಿಯುವುದು ಅಲ್ಪವೇ. ಮೊದಲ ಸುತ್ತು ಸೋತರೆ ಅದರ ಭಾರವೆಲ್ಲ ಎರಡನೆಯದರ ಮೇಲೆ ಬೀಳುತ್ತದೆ, ಅದೂ ಸೋಲುತ್ತದೆ, ಹೀಗೆ ಇಡೀ ಸಾಲು ಒಂದೇ ಏಟಿಗೆ ಕಳಚುತ್ತದೆ. ಥ್ರೆಡ್ ಹೋಗುವಾಗ ಸ್ಪ್ಯಾನರ್ ಹಿಡಿದ ಕೈಗೆ ಬಿಗಿ ಏರುತ್ತ ಏರುತ್ತ ಹೋಗಿ ಇದ್ದಕ್ಕಿದ್ದಂತೆ ಮೆತ್ತಗಾದಂತೆ ಅನಿಸುವುದು ಇದೇ ಕಾರಣಕ್ಕೆ. ಆ ಕ್ಷಣದಲ್ಲಿ ಕೈ ನಿಲ್ಲಿಸಬೇಕು. ಇನ್ನೊಂದು ಸುತ್ತು ತಿರುಗಿಸಿ ನೋಡೋಣ ಎಂದು ಹೊರಟರೆ ಉಳಿದಿರಬಹುದಾದ ಕೆಳಗಿನ ಒಂದೆರಡು ಸುತ್ತುಗಳೂ ಹೋಗುತ್ತವೆ.

ಬೋಲ್ಟೂ ರಂಧ್ರವೂ ಜೊತೆಯಾಗಿ ಕೆಲಸ ಮಾಡುವಾಗ, ಬಿಗಿ ಮಿತಿಮೀರಿದರೆ ಮೊದಲು ತುಂಡಾಗಬೇಕಾದದ್ದು ಬೋಲ್ಟ್; ಬೋಲ್ಟ್ ಬದಲಾಯಿಸುವುದು ಸುಲಭ, ಎಂಜಿನ್‌ನ ಮುಖ್ಯ ಒಡಲಾದ ಬ್ಲಾಕ್ ಬದಲಾಯಿಸುವುದು ಸುಲಭವಲ್ಲ. ಉಕ್ಕಿನೊಳಗೆ ಉಕ್ಕಿನ ಬೋಲ್ಟ್ ಇದ್ದರೆ ಬೋಲ್ಟ್‌ನ ವ್ಯಾಸದಷ್ಟು ಆಳಕ್ಕೆ ಥ್ರೆಡ್ ಹಿಡಿದರೆ ಸಾಕು. ಅಲ್ಯೂಮಿನಿಯಂ ಮೃದುವಾದದ್ದರಿಂದ ಅಲ್ಲಿ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳ ಬೇಕಾಗುತ್ತದೆ. ಎಂ8 ಬೋಲ್ಟ್‌ಗೆ 12ರಿಂದ 16 ಮಿ.ಮೀ. ಎಂದು ಲೆಕ್ಕ. ಜೋಡಿಸುವಾಗ ಪಕ್ಕದ ರಂಧ್ರದ ಗಿಡ್ಡ ಬೋಲ್ಟನ್ನು ಉದ್ದ ಬೋಲ್ಟ್‌ನ ಜಾಗಕ್ಕೆ ಹಾಕಿದರೆ ಅಥವಾ ದಪ್ಪ ವಾಷರ್ ಒಂದನ್ನು ಸುಮ್ಮನೆ ಸೇರಿಸಿದರೆ ಈ ಲೆಕ್ಕ ತಪ್ಪುತ್ತದೆ. ವಾಟರ್ ಪಂಪ್ ಮತ್ತು ಟೈಮಿಂಗ್ ಕವರ್‌ಗಳಲ್ಲಿ ಬೇರೆ ಬೇರೆ ಉದ್ದದ ಬೋಲ್ಟ್‌ಗಳಿರುತ್ತವೆ. ಅಲ್ಲಿ ಥ್ರೆಡ್ ಹೋಗುವುದಕ್ಕೆ ಬೋಲ್ಟ್‌ಗಳು ಅದಲುಬದಲಾಗುವುದೇ ದೊಡ್ಡ ಕಾರಣ. ಬಿಚ್ಚುವಾಗಲೇ ರಟ್ಟಿನ ಮೇಲೆ ಕವರ್‌ನ ಚಿತ್ರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಬೋಲ್ಟ್‌ಗಳನ್ನು ಚುಚ್ಚಿಡುವ ಅಭ್ಯಾಸ ಬೆಳೆಸಿಕೊಳ್ಳಿ.

ಉಳಿದ ಕಾರಣಗಳೂ ಬಹುಮಟ್ಟಿಗೆ ಕೈಯವೇ. ಬೋಲ್ಟನ್ನು ಓರೆಯಾಗಿ ಕೂರಿಸಿ ಸ್ಪ್ಯಾನರ್‌ನಿಂದಲೇ ತಿರುಗಿಸಲು ಶುರುಮಾಡಿದರೆ ಅದು ಹಳೆಯ ಥ್ರೆಡ್ ಮೇಲೆ ತನ್ನದೇ ಓರೆ ದಾರಿ ಕೊರೆದುಕೊಳ್ಳುತ್ತದೆ. ಮೊದಲ ಮೂರು ನಾಲ್ಕು ಸುತ್ತನ್ನು ಬೆರಳಿನಿಂದಲೇ ಹಾಕಬೇಕು ಎಂಬ ನಿಯಮ ಇರುವುದು ಅದಕ್ಕಾಗಿ. ಒಣಗಿದ ಥ್ರೆಡ್‌ಗೆಂದು ಸೂಚಿಸಿದ ಟಾರ್ಕನ್ನು ಎಣ್ಣೆ ಹಚ್ಚಿದ ಥ್ರೆಡ್‌ಗೆ ಹಾಕಿದರೆ ಘರ್ಷಣೆ ಇಳಿದು, ಟಾರ್ಕ್ ವ್ರೆಂಚ್ ಅದೇ ಅಂಕಿ ತೋರಿಸುತ್ತಿದ್ದರೂ ಬೋಲ್ಟ್‌ನ ಎಳೆತ ಮೂರರಲ್ಲೊಂದು ಪಾಲಿನಷ್ಟು ಹೆಚ್ಚಾಗಬಹುದು. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆಯೋ ಕೂಲಂಟ್ ನೀರೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಆ ದ್ರವಕ್ಕೆ ಹೋಗಲು ದಾರಿಯಿರುವುದಿಲ್ಲ; ಅದರ ಒತ್ತಡಕ್ಕೆ ಥ್ರೆಡ್ ಹೋಗುವುದಿರಲಿ, ಬ್ಲಾಕೇ ಬಿರುಕು ಬಿಡಬಹುದು. ಇನ್ನು ಉಕ್ಕು ಮತ್ತು ಅಲ್ಯೂಮಿನಿಯಂ ತಾಗಿರುವಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಥರ್ಮೋಸ್ಟಾಟ್ ಹೌಸಿಂಗ್‌ನ ಬೋಲ್ಟ್ ಬಿಚ್ಚುವಾಗ ಥ್ರೆಡ್ ಕಿತ್ತುಕೊಂಡು ಬಂದರೆ ಅಲ್ಲಿ ಬಿಗಿದವರ ತಪ್ಪಿಲ್ಲ, ವರ್ಷಗಳ ಕಾಲ ನಡೆದ ಈ ಸವೆತದ ಪರಿಣಾಮ ಅದು.

ತಪ್ಪೆಲ್ಲ ಮೆಕ್ಯಾನಿಕ್‌ನದೇ ಎಂದು ಹೇಳಿಬಿಟ್ಟರೆ ಅನ್ಯಾಯವಾಗುತ್ತದೆ. ವಿನ್ಯಾಸದಲ್ಲಿಯೇ ಥ್ರೆಡ್‌ಗೆ ಸಾಕಷ್ಟು ಲೋಹ ಕೊಡದ ಎಂಜಿನ್‌ಗಳಿವೆ. 1990ರ ದಶಕದಲ್ಲಿ ಬಂದ ಕ್ಯಾಡಿಲಾಕ್‌ನ ನಾರ್ತ್‌ಸ್ಟಾರ್ ವಿ8 ಎಂಜಿನ್‌ನ ಬ್ಲಾಕ್ ಅಲ್ಯೂಮಿನಿಯಂನದು. ಅದರಲ್ಲಿ ಹೆಡ್ ಬೋಲ್ಟ್‌ಗಳು ಬ್ಲಾಕ್‌ನ ಥ್ರೆಡ್‌ಗಳನ್ನು ಕಿತ್ತುಕೊಂಡು ಬರುವುದು, ಅದರಿಂದ ಹೆಡ್ ಮತ್ತು ಬ್ಲಾಕ್ ನಡುವೆ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಸೋರುವುದು ಹೆಸರುವಾಸಿಯಾದ ತೊಂದರೆಯಾಯಿತು. ಮುಂದಿನ ಮಾದರಿಗಳಲ್ಲಿ ಹೆಡ್ ಬೋಲ್ಟ್‌ಗೆ ದೊಡ್ಡ ಪಿಚ್‌ನ, ಅಂದರೆ ಸುತ್ತಿನಿಂದ ಸುತ್ತಿಗೆ ಅಂತರ ಹೆಚ್ಚಿರುವ ಥ್ರೆಡ್ ಕೊಟ್ಟರು. ಪ್ರತಿ ಸುತ್ತಿನ ಬುಡ ದಪ್ಪವಾದಷ್ಟೂ ಮೃದು ಲೋಹ ಹೆಚ್ಚು ತಾಳುತ್ತದೆ ಎಂಬುದೇ ಅದರ ಹಿಂದಿನ ತರ್ಕ. ಅದೇ ಕಾಲದ ಫೋರ್ಡ್ ಟ್ರೈಟನ್ ಸರಣಿಯ, ಪ್ರತಿ ಸಿಲಿಂಡರ್‌ಗೆ ಎರಡು ವಾಲ್ವ್ ಇರುವ ಹೆಡ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಹಿಡಿಯಲು ಇದ್ದದ್ದು ಬರೀ ನಾಲ್ಕು ಸುತ್ತಿನಷ್ಟು ಥ್ರೆಡ್. ಓಡುವ ಎಂಜಿನ್‌ನಿಂದ ಪ್ಲಗ್ ಸಿಡಿದು ಹೊರಬರುವ ದೂರುಗಳು ಅಲ್ಲಿ ಸಾಮಾನ್ಯವಾದವು.

ಇವೆರಡಕ್ಕಿಂತ ನನಗೆ ಹೆಚ್ಚು ಪಾಠ ಹೇಳುವುದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಗಾಳಿ ತಂಪಿನ ಎಂಜಿನ್. ಅದರ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಹೆಡ್ ಅಲ್ಯೂಮಿನಿಯಂನದು, ಇವೆರಡನ್ನೂ ಹಿಡಿದಿಡುವ ಉದ್ದನೆಯ ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟ್‌ಗಳು, ಉಕ್ಕಿನವು. ಕಾವೇರಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಮೆಗ್ನೀಸಿಯಂ ಅದಕ್ಕಿಂತಲೂ ತುಸು ಹೆಚ್ಚು. ಎಂಜಿನ್ ಬಿಸಿಯಾದಾಗಲೆಲ್ಲ ಸ್ಟಡ್‌ಗಳ ಮೇಲಿನ ಎಳೆತ ಏರಿ, 10 ಮಿ.ಮೀ. ಸ್ಟಡ್‌ಗಳು ಮೃದುವಾದ ಕೇಸ್‌ನ ಥ್ರೆಡ್‌ಗಳನ್ನು ನಿಧಾನವಾಗಿ ಕಿತ್ತವು. ಕಂಪನಿ ಕಡೆಗೆ ಮಾಡಿದ್ದು ಎರಡು ಕೆಲಸ: ಕೇಸ್‌ನ ರಂಧ್ರಗಳಿಗೆ ಉಕ್ಕಿನ ಬುಷ್, ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಕೊಳವೆ ಕೂರಿಸಿತು, ಸ್ಟಡ್‌ಗಳನ್ನು 8 ಮಿ.ಮೀ.ಗೆ ಇಳಿಸಿತು. ಸ್ಟಡ್ ತೆಳುವಾದರೆ ಬಲ ಕುಂದುವುದಿಲ್ಲವೇ ಎಂದು ನೀವು ಕೇಳಬಹುದು. ತೆಳುವಾದ ಸ್ಟಡ್ ಸುಲಭವಾಗಿ ಹಿಗ್ಗುತ್ತದೆ. ಕಾವಿಗೆ ಕೇಸ್ ಉಬ್ಬಿದಷ್ಟೂ ತಾನೂ ಹಿಗ್ಗಿಕೊಟ್ಟು ಎಳೆತ ಮಿತಿಮೀರದಂತೆ ನೋಡಿಕೊಳ್ಳುತ್ತದೆ. ಥ್ರೆಡ್ ಹೋದ ಜಾಗದಲ್ಲಿ ಇನ್ನೂ ದಪ್ಪ ಬೋಲ್ಟ್ ಹಾಕಿದರೆ ಸರಿಹೋಗುತ್ತದೆ ಎಂದು ಮುನ್ನುಗ್ಗುವವರು ಈ ಉದಾಹರಣೆಯನ್ನು ಒಮ್ಮೆ ಯೋಚಿಸಬೇಕು.

ಈಗ ಕೆಲಸದ ಮೇಜಿಗೆ ಬರೋಣ. ಡ್ರಿಲ್ ಮುಟ್ಟುವ ಮೊದಲು ಮಾಡಬೇಕಾದ ಪರೀಕ್ಷೆಗಳಿವೆ, ಅವಸರದಲ್ಲಿ ಬಿಟ್ಟುಹೋಗುವುದು ಇವೇ. ಥ್ರೆಡ್ ನಿಜವಾಗಿ ಹೋಗಿದೆಯೋ ಅಥವಾ ಕೊಳೆ, ತುಕ್ಕು, ಹಳೆಯ ಲಾಕಿಂಗ್ ಅಂಟು ತುಂಬಿದೆಯೋ ನೋಡಿ. ಮೊದಲ ಒಂದೆರಡು ಸುತ್ತು ಮಾತ್ರ ನಲುಗಿದ್ದರೆ ಥ್ರೆಡ್ ಚೇಸರ್ ಹಾಕಿದರೆ ಸಾಕು. ಅದು ಲೋಹವನ್ನು ಕತ್ತರಿಸದೆ ಮಡಿಚಿದ ಥ್ರೆಡನ್ನು ಮತ್ತೆ ಆಕಾರಕ್ಕೆ ತಳ್ಳುತ್ತದೆ. ಅದೇ ಕೆಲಸಕ್ಕೆ ಥ್ರೆಡ್ ಕತ್ತರಿಸುವ ಟ್ಯಾಪ್ ಎಂಬ ಉಪಕರಣ ಹಾಕಿದರೆ ಸ್ವಲ್ಪ ಸ್ವಲ್ಪವೇ ಲೋಹ ಹೊರಗೆ ಬಂದು ಇದ್ದ ಥ್ರೆಡ್ ಸಡಿಲವಾಗುತ್ತದೆ. ಆಮೇಲೆ ರಂಧ್ರದ ಆಳವನ್ನು ಅಳೆಯಿರಿ. ಎಷ್ಟೋ ಎಂಜಿನ್‌ಗಳಲ್ಲಿ ರಂಧ್ರದ ಥ್ರೆಡ್ ಬೋಲ್ಟ್ ತಲುಪುವ ಆಳಕ್ಕಿಂತ ಕೆಳಗೂ ಮುಂದುವರಿದಿರುತ್ತದೆ. ಅಲ್ಲಿನ ಥ್ರೆಡ್ ಯಾರೂ ಮುಟ್ಟದೆ ಹೊಸದಾಗಿಯೇ ಇರುತ್ತದೆ. ಆರೇಳು ಮಿ.ಮೀ. ಹೆಚ್ಚು ಉದ್ದದ, ಅದೇ ದರ್ಜೆಯ ಬೋಲ್ಟ್ ಹಾಕಿ, ಅದು ತಳಕ್ಕೆ ತಾಗದಂತೆ ನೋಡಿಕೊಂಡರೆ ಸಣ್ಣ ಕವರ್‌ಗಳ ಮಟ್ಟಿಗೆ ದುರಸ್ತಿಯೇ ಬೇಕಾಗುವುದಿಲ್ಲ. ಹೆಚ್ಚು ಭಾರ ಹೊರುವ ಜಾಗದಲ್ಲಿ ಮಾತ್ರ ಈ ಉಪಾಯಕ್ಕೆ ಮನಸೋಲಬಾರದು, ಏಕೆಂದರೆ ಉಳಿದ ಥ್ರೆಡ್‌ನ ಉದ್ದ ಸಾಕಾಗುವುದು ಅಪರೂಪ.

ಅಳತೆಯ ಬಗ್ಗೆ ಒಂದು ಮಾತು. ವ್ಯಾಸ ಒಂದೇ ಇದ್ದರೂ ಪಿಚ್ ಬೇರೆ ಇರಬಹುದು. ಎಂ10 ಬೋಲ್ಟ್ 1.5 ಪಿಚ್‌ನದೂ ಸಿಗುತ್ತದೆ, 1.25ರದೂ ಸಿಗುತ್ತದೆ, ಒಂದರ ರಂಧ್ರಕ್ಕೆ ಇನ್ನೊಂದು ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಥ್ರೆಡ್ ತಿನ್ನುತ್ತದೆ. ಪಿಚ್ ಗೇಜಿನ ಹಲ್ಲುಗಳನ್ನು ಬೋಲ್ಟ್‌ಗೆ ಒತ್ತಿ ಬೆಳಕಿಗೆ ಹಿಡಿದು ನೋಡುವುದು ಅರೆ ನಿಮಿಷದ ಕೆಲಸ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಕೋನವೇ ಬೇರೆ ಇರುವುದುಂಟು: 1841ರಲ್ಲಿ ಜೋಸೆಫ್ ವಿಟ್‌ವರ್ತ್ ಮಂಡಿಸಿದ ಪದ್ಧತಿಯಲ್ಲಿ ಥ್ರೆಡ್‌ನ ಕೋನ 55 ಡಿಗ್ರಿ, 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ಸೂಚಿಸಿದ್ದು 60 ಡಿಗ್ರಿ. ಇಂದಿನ ಮೆಟ್ರಿಕ್ ಥ್ರೆಡ್‌ನದು 60 ಡಿಗ್ರಿಯೇ. ಹಾಗಾಗಿ ಹಳೆಯ ಎಂಜಿನ್ ಮುಂದಿದ್ದಾಗ, ಬೋಲ್ಟ್ ಹೆಚ್ಚುಕಡಿಮೆ ಹೊಂದುತ್ತಿದೆ ಎಂಬಷ್ಟಕ್ಕೆ ತೃಪ್ತರಾಗಬೇಡಿ.

ಥ್ರೆಡ್ ಪೂರ್ತಿ ಹೋಗಿದೆ ಎಂದು ಖಚಿತವಾದ ಮೇಲೆ ಇರುವ ದಾರಿಗಳಲ್ಲಿ ನನಗೆ ಯಾವುದು ಹೆಚ್ಚು ಒಪ್ಪಿಗೆ ಎಂದು ನೇರವಾಗಿ ಹೇಳುತ್ತೇನೆ. ಎಪಾಕ್ಸಿಯಿಂದ ಥ್ರೆಡ್ ಅಚ್ಚು ಮಾಡುವ ಅಂಟುಗಳು ಏರ್ ಫಿಲ್ಟರ್ ಪೆಟ್ಟಿಗೆಯಂಥ ಭಾರವಿಲ್ಲದ ಜಾಗಕ್ಕೆ ಸರಿ, ಎಂಜಿನ್‌ನ ಬೇರಾವ ಭಾಗಕ್ಕೂ ಅಲ್ಲ. ರಂಧ್ರವನ್ನು ದೊಡ್ಡದು ಮಾಡಿ ಮುಂದಿನ ಅಳತೆಯ ಬೋಲ್ಟ್ ಹಾಕುವುದು ಬ್ರಾಕೆಟ್‌ಗಳಿಗೆ ನಡೆದೀತು. ಆದರೆ ಕವರ್‌ನ ತೂತನ್ನೂ ದೊಡ್ಡದು ಮಾಡಬೇಕಾಗುತ್ತದೆ, ಸುತ್ತಲಿನ ಗೋಡೆ ತೆಳುವಾಗುತ್ತದೆ, ಮುಂದೆ ಬಿಚ್ಚುವವರಿಗೆ ಒಂದು ಬೋಲ್ಟ್ ಮಾತ್ರ ಬೇರೆ ಎಂಬುದು ಗೊತ್ತಿರುವುದಿಲ್ಲ. ಬಹುಪಾಲು ಕೆಲಸಕ್ಕೆ ಯೋಗ್ಯವಾದದ್ದು, ಮೂಲ ಅಳತೆಯ ಬೋಲ್ಟನ್ನೇ ಉಳಿಸಿಕೊಂಡು ರಂಧ್ರಕ್ಕೆ ಉಕ್ಕಿನ ಒಳಪದರ ಕೊಡುವುದು. ಅದರಲ್ಲಿ ಮುಖ್ಯವಾಗಿ ಎರಡು ಬಗೆ: ಹೆಲಿಕಾಯಿಲ್ ಎಂದು ಎಲ್ಲರೂ ಕರೆಯುವ ತಂತಿಯ ಸುರುಳಿ, ಮತ್ತು ಟೈಮ್‌ಸರ್ಟ್‌ನಂಥ ಗಟ್ಟಿ ಬುಷ್.

ಸುರುಳಿ ಎಂದರೆ ವಜ್ರಾಕೃತಿಯ ಅಡ್ಡಕೊಯ್ತದ ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಸುತ್ತಿ ಮಾಡಿದ್ದು. ಹೊರಮೈ ಅಲ್ಯೂಮಿನಿಯಂನಲ್ಲಿ ಕೊರೆದ ದೊಡ್ಡ ಥ್ರೆಡ್‌ಗೆ ಕಚ್ಚಿಕೊಳ್ಳುತ್ತದೆ, ಒಳಮೈ ಮೂಲ ಬೋಲ್ಟ್‌ಗೆ ಥ್ರೆಡ್ ಆಗುತ್ತದೆ. ಎಂ8 ಬೋಲ್ಟ್‌ನ ಸುರುಳಿಗೆ ಕೊರೆಯುವ ಹೊರ ಥ್ರೆಡ್‌ನ ವ್ಯಾಸ ಸುಮಾರು 9.6 ಮಿ.ಮೀ. ಅಂದರೆ ಅಲ್ಯೂಮಿನಿಯಂ ಈಗ ಭಾರ ಹೊರುವುದು 20 ಪ್ರತಿಶತ ದೊಡ್ಡದಾದ ಸುತ್ತಳತೆಯಲ್ಲಿ. ಅದಲ್ಲದೆ ತಂತಿ ತುಸು ಬಾಗಿಕೊಡುವುದರಿಂದ ಮೊದಲ ಸುತ್ತಿನ ಮೇಲೆಯೇ ಬೀಳುತ್ತಿದ್ದ ಭಾರ ಕೆಳಗಿನ ಸುತ್ತುಗಳಿಗೂ ಹಂಚಿಹೋಗುತ್ತದೆ. ಸರಿಯಾಗಿ ಹಾಕಿದ ಸುರುಳಿ ಮೂಲ ಥ್ರೆಡ್‌ಗಿಂತ ಗಟ್ಟಿ ಎಂದು ಹೇಳುವುದು ಉತ್ಪ್ರೇಕ್ಷೆಯಲ್ಲ. ವಿಮಾನದ ಎಂಜಿನ್‌ಗಳಲ್ಲಿ ಥ್ರೆಡ್ ಹೋಗುವವರೆಗೆ ಕಾಯದೆ ಹೊಸದರಲ್ಲಿಯೇ ಇವನ್ನು ಹಾಕುವ ಪದ್ಧತಿಯಿದೆ.

ಈ ಕೆಲಸದ ಯಶಸ್ಸು ನಿಂತಿರುವುದು ಡ್ರಿಲ್ ನೇರವಾಗಿ ಇಳಿಯುವುದರ ಮೇಲೆ. ಎಂ6ರ ಸುರುಳಿಗೆ 6.3 ಮಿ.ಮೀ., ಎಂ8ಕ್ಕೆ 8.3ರಿಂದ 8.4 ಮಿ.ಮೀ. ಡ್ರಿಲ್ ಬೇಕು, ಕಿಟ್‌ನ ಜೊತೆಗೇ ಬರುವ ಬಿಟ್ಟನ್ನೇ ಬಳಸಿ. ಥ್ರೆಡ್ ಹೋದ ರಂಧ್ರ ಈಗಾಗಲೇ ಹೆಚ್ಚುಕಡಿಮೆ ಬೋಲ್ಟ್‌ನ ವ್ಯಾಸಕ್ಕೆ ಬಂದಿರುವುದರಿಂದ ತೆಗೆಯಬೇಕಾದ ಲೋಹ ಬಹಳ ಕಡಿಮೆ. ಇಲ್ಲೇ ಅಪಾಯವಿರುವುದು: ಕಡಿಮೆ ಲೋಹ ಕತ್ತರಿಸುವ ಬಿಟ್ ಹಳೆಯ ರಂಧ್ರಕ್ಕೆ ಸಿಕ್ಕಿಕೊಂಡು ಥಟ್ಟನೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಿಧಾನ ವೇಗ, ಎರಡೂ ಕೈಗಳ ಹಿಡಿತ, ಆಳಕ್ಕೆ ಗುರುತಾಗಿ ಬಿಟ್‌ನ ಮೇಲೆ ಟೇಪ್, ಇಷ್ಟು ಇರಲೇಬೇಕು. ಹೆಡ್ ಬಿಚ್ಚಿದ್ದರೆ ಕಂಬದ ಡ್ರಿಲ್‌ನ ಕೆಳಗಿಟ್ಟು ಕೊರೆಯುವುದೇ ಲೇಸು. ಎಂಜಿನ್ ಕಾರಿನಲ್ಲಿಯೇ ಇದ್ದರೆ, ದಪ್ಪ ಉಕ್ಕಿನ ತುಂಡಿಗೆ ಆ ಅಳತೆಯ ನೇರ ತೂತು ಮಾಡಿಸಿ, ಪಕ್ಕದ ಬೋಲ್ಟ್‌ಗಳಿಂದ ಅದನ್ನು ಅದೇ ಜಾಗಕ್ಕೆ ಬಿಗಿದು, ಬಿಟ್ಟನ್ನು ಆ ತೂತಿನ ಮೂಲಕ ಇಳಿಸಬಹುದು. ಬರಿಗಣ್ಣಿನ ಅಂದಾಜಿನಲ್ಲಿ ಎರಡು ಡಿಗ್ರಿ ಓರೆಯಾದರೂ ಬೋಲ್ಟ್‌ನ ತಲೆ ಒಂದು ಅಂಚಿನಲ್ಲಿ ಮಾತ್ರ ಕೂರುತ್ತದೆ, ಗ್ಯಾಸ್ಕೆಟ್ ಮೇಲೆ ಒತ್ತಡ ಸಮನಾಗಿ ಬೀಳುವುದಿಲ್ಲ. ಕೊರೆಯುವ ಮೊದಲು ರಂಧ್ರದ ಸುತ್ತ ಏನಿದೆ ಎಂಬುದೂ ತಿಳಿದಿರಲಿ: ಗೋಡೆಯಾಚೆಗೆ ನೀರಿನ ದಾರಿಯೋ ಎಣ್ಣೆಯ ದಾರಿಯೋ ಇದ್ದರೆ ಅರ್ಧ ಮಿ.ಮೀ. ಹೆಚ್ಚು ಹೋದರೂ ಸೋರಿಕೆ ಶುರುವಾಗುತ್ತದೆ.

ಆಮೇಲೆ ಟ್ಯಾಪ್. ಈ ಟ್ಯಾಪ್ ಸುರುಳಿಗೆಂದೇ ಮಾಡಿದ ವಿಶೇಷ ಅಳತೆಯದು, ಸಾಮಾನ್ಯ ಟ್ಯಾಪ್ ನಡೆಯುವುದಿಲ್ಲ. ಅಲ್ಯೂಮಿನಿಯಂಗೆ ಸೀಮೆಎಣ್ಣೆಯೋ ತೆಳು ಎಣ್ಣೆಯೋ ಹಾಕಿ, ಅರ್ಧ ಸುತ್ತು ಮುಂದಕ್ಕೆ ಹೋಗಿ ಕಾಲು ಸುತ್ತು ಹಿಂದಕ್ಕೆ ಬನ್ನಿ; ಹಿಂದೆ ಬರುವಾಗ ಚೂರು ಮುರಿದ ಸಣ್ಣ ಟಿಕ್ ಎಂಬ ಸ್ಪರ್ಶ ಕೈಗೆ ತಿಳಿಯುತ್ತದೆ. ಬೀಡುಕಬ್ಬಿಣದಲ್ಲಿ ಗ್ರ್ಯಾಫೈಟ್ ಇರುವುದರಿಂದ ಎಣ್ಣೆಯಿಲ್ಲದೆಯೂ ಟ್ಯಾಪ್ ಸಾಗುತ್ತದೆ. ಕೈಗೆ ಬಿಗಿ ಹೆಚ್ಚಾಯಿತೆನಿಸಿದರೆ ಬಲ ಹಾಕದೆ ಟ್ಯಾಪ್ ಹೊರತೆಗೆದು ಸ್ವಚ್ಛ ಮಾಡಿ. ಟ್ಯಾಪ್‌ನ ಉಕ್ಕು ಬಹಳ ಗಡಸು, ಬಾಗದೆ ಮುರಿಯುತ್ತದೆ, ಮುರಿದ ಟ್ಯಾಪನ್ನು ಡ್ರಿಲ್‌ನಿಂದ ಕೊರೆಯಲಾಗುವುದಿಲ್ಲ. ವಿದ್ಯುತ್ ಕಿಡಿಯಿಂದ ಲೋಹ ತಿನ್ನಿಸುವ ಯಂತ್ರವಿರುವ ಕಾರ್ಯಾಗಾರಕ್ಕೆ ಹೋಗಬೇಕಾಗುತ್ತದೆ. ಥ್ರೆಡ್ ಕೊರೆದಾದ ಮೇಲೆ ಬ್ರೇಕ್ ಕ್ಲೀನರ್ ಸಿಂಪಡಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಗಾಳಿ ಊದಿ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ನೋಡಿ. ಕಡ್ಡಿ ಬೆಳ್ಳಗೆ ಹೊರಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಸುರುಳಿಯ ತಳದಲ್ಲಿ ತಂತಿಯನ್ನು ಅಡ್ಡಲಾಗಿ ಬಾಗಿಸಿದ ಒಂದು ತುಣುಕು ಇರುತ್ತದೆ, ಅದಕ್ಕೆ ಟ್ಯಾಂಗ್ ಎನ್ನುತ್ತಾರೆ. ಅಳವಡಿಸುವ ಉಪಕರಣದ ತುದಿ ಅದನ್ನು ಹಿಡಿದು ತಿರುಗಿಸುತ್ತದೆ. ಬಿಡಿಯಾಗಿದ್ದಾಗ ಸುರುಳಿ ರಂಧ್ರಕ್ಕಿಂತ ತುಸು ದೊಡ್ಡದು. ತಿರುಗಿಸುವಾಗ ಬಿಗಿದುಕೊಂಡು ಒಳಗೆ ಹೋಗಿ, ಬಿಟ್ಟ ಮೇಲೆ ಅರಳಿ ಗೋಡೆಯನ್ನು ಹಿಡಿಯುತ್ತದೆ. ಉಪಕರಣವನ್ನು ಕೆಳಕ್ಕೆ ಒತ್ತಬಾರದು, ಬರೀ ತಿರುಗಿಸಬೇಕು. ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಕೂರುತ್ತದೆ, ಆಮೇಲೆ ಬೋಲ್ಟ್ ನಡುವೆಯೇ ನಿಲ್ಲುತ್ತದೆ. ಸುರುಳಿಯ ಮೇಲಿನ ತುದಿ ಮೇಲ್ಮೈಯಿಂದ ಮುಕ್ಕಾಲಿನಿಂದ ಒಂದೂವರೆ ಪಿಚ್‌ನಷ್ಟು ಕೆಳಗಿರಬೇಕು. ಮೇಲ್ಮೈಗೆ ಸಮನಾಗಿ ನಿಂತ ಸುರುಳಿಯನ್ನು ಬೋಲ್ಟ್ ಮೇಲಕ್ಕೆ ಎತ್ತಿ, ಗ್ಯಾಸ್ಕೆಟ್ ಕೂರುವ ಮೈಯನ್ನು ಹಾಳು ಮಾಡುತ್ತದೆ. ಕೊನೆಗೆ ಪಂಚ್ ಇಟ್ಟು ಸಣ್ಣ ಸುತ್ತಿಗೆಯಿಂದ ಒಂದು ಚುರುಕಾದ ಏಟು ಹಾಕಿದರೆ ಟ್ಯಾಂಗ್ ಮುರಿದು ಬೀಳುತ್ತದೆ. ಅದನ್ನು ಎಣಿಸಿ ಹೊರತೆಗೆಯಿರಿ. ಒಳಗೆ ಬಿದ್ದರೆ ಎಂಜಿನ್‌ಗೆ ಹಾನಿಯಾಗುವಂಥ ಜಾಗಗಳಿಗೆ ಟ್ಯಾಂಗ್ ಇಲ್ಲದ ಸುರುಳಿಗಳೂ ಸಿಗುತ್ತವೆ.

ಗಟ್ಟಿ ಬುಷ್ ಎಲ್ಲಿ ಬೇಕು? ಮತ್ತೆ ಮತ್ತೆ ಬಿಚ್ಚುವ ಜಾಗದಲ್ಲಿ, ಹೆಡ್ ಬೋಲ್ಟ್‌ನ ರಂಧ್ರಗಳಲ್ಲಿ, ಸ್ಪಾರ್ಕ್ ಪ್ಲಗ್‌ನಲ್ಲಿ. ಈ ಬುಷ್‌ನ ತಲೆಯಲ್ಲಿ ಒಂದು ಅಂಚಿರುವುದರಿಂದ ಅದು ಬೋಲ್ಟ್‌ನ ಜೊತೆಗೆ ಕೆಳಕ್ಕೆ ಇಳಿದುಹೋಗುವುದಿಲ್ಲ. ಅದರ ತಳದ ಕೆಲವು ಒಳ ಥ್ರೆಡ್‌ಗಳನ್ನು ಪೂರ್ತಿ ಆಕಾರಕ್ಕೆ ತಂದಿರುವುದಿಲ್ಲ. ಎಣ್ಣೆ ಹಚ್ಚಿದ ಡ್ರೈವರ್ ಅವುಗಳ ಮೂಲಕ ಹಾದುಹೋಗುವಾಗ ಅವನ್ನು ಹಿಗ್ಗಿಸಿ ಬುಷ್‌ನ ಹೊರಮೈಯನ್ನು ರಂಧ್ರದ ಗೋಡೆಗೆ ಬಲವಾಗಿ ಒತ್ತುತ್ತದೆ. ನಡುವೆ ಗಡುಸಾಗಿ, ಆಮೇಲೆ ಹಗುರವಾಗಿ ತಿರುಗುವ ಆ ಹಂತವನ್ನು ದಾಟದಿದ್ದರೆ ಬುಷ್ ಲಾಕ್ ಆಗಿಲ್ಲವೆಂದೇ ಅರ್ಥ. ಸುರುಳಿಗಿಂತ ಇದಕ್ಕೆ ಖರ್ಚು ಹೆಚ್ಚು, ಕೊರೆಯಬೇಕಾದ ಲೋಹವೂ ಹೆಚ್ಚು, ಆದ್ದರಿಂದ ಗೋಡೆ ತೆಳುವಾದಲ್ಲಿ ಸುರುಳಿಯೇ ಒಳ್ಳೆಯದು. ಹೆಡ್ ಬೋಲ್ಟ್‌ಗಳ ವಿಷಯದಲ್ಲಿ ನನ್ನ ಮಾತು ಸ್ಪಷ್ಟ: ಒಂದು ರಂಧ್ರ ಕಿತ್ತುಬಂದಿದ್ದರೆ ಉಳಿದವೂ ಅದೇ ಕಾವು, ಅದೇ ಎಳೆತವನ್ನು ಕಂಡಿವೆ. ನಾರ್ತ್‌ಸ್ಟಾರ್ ಎಂಜಿನ್ ದುರಸ್ತಿ ಮಾಡುವವರು ಎಲ್ಲ ರಂಧ್ರಗಳಿಗೂ ಬುಷ್ ಹಾಕುವುದನ್ನು ರೂಢಿ ಮಾಡಿಕೊಂಡದ್ದು ಆ ಕಾರಣಕ್ಕೆ. ಬಿಗಿಯುವಾಗ ಮೂಲ ಉದ್ದಕ್ಕೆ ಮರಳದಷ್ಟು ಹಿಗ್ಗಿಯೇ ಬಿಡುವಂತೆ ಮಾಡಿದ ಬೋಲ್ಟ್‌ಗಳನ್ನು ಅಲ್ಲಿ ಮರಳಿ ಬಳಸಬಾರದು, ಹೊಸವನ್ನೇ ತರಬೇಕು.

ಸ್ಪಾರ್ಕ್ ಪ್ಲಗ್‌ನ ರಂಧ್ರಕ್ಕೆ ಪ್ರತ್ಯೇಕವಾಗಿ ಸಮಯ ಕೊಡುತ್ತೇನೆ, ಏಕೆಂದರೆ ಅಲ್ಲಿ ಬೀಳುವ ಪ್ರತಿ ಚೂರೂ ನೇರವಾಗಿ ಸಿಲಿಂಡರ್‌ಗೆ ಹೋಗುತ್ತದೆ. ಹೆಡ್ ಬಿಚ್ಚಿ ಮಾಡುವುದೇ ಉತ್ತಮ. ಬಿಚ್ಚಲಾಗದಿದ್ದರೆ ಪಿಸ್ಟನ್ ಮೇಲ್ತುದಿಯಿಂದ ಸಾಕಷ್ಟು ಕೆಳಗಿರುವಂತೆ ಕ್ರ್ಯಾಂಕ್ ತಿರುಗಿಸಿ, ವಾಲ್ವ್‌ಗಳು ಟ್ಯಾಪ್‌ಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಟ್ಯಾಪ್‌ನ ಉದ್ದುದ್ದ ತೋಡುಗಳಿಗೆ ದಪ್ಪಗೆ ಗ್ರೀಸ್ ಮೆತ್ತಿ, ಪ್ರತಿ ಒಂದೆರಡು ಸುತ್ತಿಗೆ ಹೊರತೆಗೆದು ಒರೆಸಿ, ಹೊಸ ಗ್ರೀಸ್ ಮೆತ್ತಿ ಮುಂದುವರಿಯಿರಿ. ಚೂರುಗಳು ಗ್ರೀಸ್‌ನಲ್ಲಿ ಹೊಳೆಯುತ್ತ ಹೊರಗೆ ಬರುವುದು ಕಾಣುತ್ತದೆ. ಕೊನೆಗೆ ನಿರ್ವಾತ ಯಂತ್ರದ ತುದಿಗೆ ತೆಳು ಪೈಪ್ ಕಟ್ಟಿ ಸಿಲಿಂಡರ್‌ನೊಳಗೆ ಎಲ್ಲ ಕಡೆ ಆಡಿಸಿ, ಬೋರ್‌ಸ್ಕೋಪ್ ಎಂಬ ತೆಳು ಕ್ಯಾಮೆರಾ ಇಳಿಸಿ ಪಿಸ್ಟನ್‌ನ ಮೇಲ್ಮೈ ನೋಡಿ. ಒಳಪದರದ ತುದಿ ದಹನ ಕೋಣೆಯೊಳಕ್ಕೆ ಚಾಚಿಕೊಂಡಿರಬಾರದು. ಚಾಚಿದ ಲೋಹ ಕೆಂಪಗೆ ಕಾದು, ಕಿಡಿಗಿಂತ ಮೊದಲೇ ಮಿಶ್ರಣಕ್ಕೆ ಬೆಂಕಿ ಹತ್ತಿಸುತ್ತದೆ, ಅದು ಪಿಸ್ಟನ್‌ಗೆ ರಂಧ್ರ ಕೊರೆಯುವಷ್ಟು ಕೆಟ್ಟದು. ಇನ್ನು ಮುಂದೆ ಪ್ಲಗ್ ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಲಿ.

ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಸಂಪ್‌ನ ಡ್ರೈನ್ ಪ್ಲಗ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತಾನೇ ಥ್ರೆಡ್ ಕೊರೆದುಕೊಳ್ಳುವ ದೊಡ್ಡ ಪ್ಲಗ್‌ಗಳು ಅಲ್ಯೂಮಿನಿಯಂ ಸಂಪನ್ನು ಸೀಳಬಹುದು. ಸುರುಳಿ ಅಥವಾ ಬುಷ್ ಹಾಕಿ, ಪ್ರತಿಸಲ ಹೊಸ ವಾಷರ್ ಬಳಸಿ. ಕೆಲಸ ಮುಗಿದ ಮೇಲೆ ಪ್ಲಗ್ ಹಾಕುವ ಮೊದಲು ಒಂದಷ್ಟು ಎಣ್ಣೆಯನ್ನು ಮೇಲಿನಿಂದ ಸುರಿದು ಹರಿಯಬಿಟ್ಟರೆ ಉಳಿದ ಚೂರುಗಳು ಹೊರಬೀಳುತ್ತವೆ.

ದುರಸ್ತಿಯಾದ ಥ್ರೆಡನ್ನು ಮೊದಲ ಸಲ ಬಿಗಿಯುವ ರೀತಿಯೂ ಮುಖ್ಯ. ಗ್ಯಾಸ್ಕೆಟ್ ಇಲ್ಲದೆ, ಉಕ್ಕಿನ ದಪ್ಪ ಕೊಳವೆ ಮತ್ತು ವಾಷರ್ ಇಟ್ಟು, ಬೋಲ್ಟನ್ನು ಸೂಚಿತ ಟಾರ್ಕ್‌ನ ಅರ್ಧಕ್ಕೆ, ಆಮೇಲೆ ಮುಕ್ಕಾಲಿಗೆ, ಕೊನೆಗೆ ಪೂರ್ತಿಗೆ ಬಿಗಿದು ಬಿಚ್ಚಿ ನೋಡಿ. ಹಿಗ್ಗಿಯೇ ಬಿಡುವ ಬೋಲ್ಟ್‌ಗಳಿಗೆ ಈ ಪರೀಕ್ಷೆಯನ್ನು ಅದೇ ಅಳತೆಯ ಬೇರೊಂದು ಬೋಲ್ಟ್‌ನಿಂದ ಮಾಡಬೇಕು. ಟಾರ್ಕ್ ವ್ರೆಂಚ್ ಖಚಿತವಾಗಿ ಸದ್ದು ಮಾಡಿದರೆ, ಬಿಚ್ಚಿದ ಬೋಲ್ಟ್‌ನ ಮೇಲೆ ಬೆಳ್ಳಿಯ ಎಳೆ ಇಲ್ಲದಿದ್ದರೆ, ಸುರುಳಿ ತನ್ನ ಜಾಗದಿಂದ ಎದ್ದಿರದಿದ್ದರೆ ಆ ರಂಧ್ರವನ್ನು ನಂಬಬಹುದು. ಈ ಪರೀಕ್ಷೆಯಲ್ಲಿ ಸೋಲುವುದಾದರೆ ಮೇಜಿನ ಮೇಲೆಯೇ ಸೋಲಲಿ. ಎಂಜಿನ್ ಪೂರ್ತಿ ಜೋಡಿಸಿದ ಮೇಲೆ ಸೋತರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕು.

ಒಮ್ಮೆ ಸುರುಳಿ ಹಾಕಿದ ಜಾಗ ಮತ್ತೆ ಹೋದರೆ ಏನು ಮಾಡಬೇಕೆಂದು ಸಭೆಯಿಂದ ಬಂದ ಪ್ರಶ್ನೆ ಸರಿಯಾದದ್ದು. ಬಹಳ ಸಲ ಹೋಗಿರುವುದು ಸುರುಳಿ ಮಾತ್ರ, ಅದರ ಹೊರಗಿನ ಅಲ್ಯೂಮಿನಿಯಂ ಥ್ರೆಡ್ ಹಾಗೇ ಇರುತ್ತದೆ. ಚೂಪಾದ ಅಂಚಿನ ಉಪಕರಣದಿಂದ ಸುರುಳಿಯ ಮೇಲಿನ ಎಳೆಯನ್ನು ಕಚ್ಚಿಸಿ ಹಿಂದಕ್ಕೆ ತಿರುಗಿಸಿದರೆ ಅದು ಬಿಚ್ಚಿಕೊಂಡು ಬರುತ್ತದೆ, ಅದೇ ಜಾಗಕ್ಕೆ ಹೊಸದನ್ನು ಹಾಕಬಹುದು, ಡ್ರಿಲ್ ಬೇಕಾಗಿಲ್ಲ. ಹೊರಗಿನ ಥ್ರೆಡ್ಡೂ ಕಿತ್ತುಬಂದಿದ್ದರೆ ದೊಡ್ಡ ಅಳತೆಯ ಗಟ್ಟಿ ಬುಷ್‌ಗೆ ಸುತ್ತಲೂ ಸಾಕಷ್ಟು ಗೋಡೆ ಉಳಿದಿದೆಯೇ ಎಂದು ಅಳೆಯಬೇಕು. ಗೋಡೆ ಉಳಿದಿಲ್ಲವೆಂದಾದರೆ ರಂಧ್ರವನ್ನು ಅಲ್ಯೂಮಿನಿಯಂ ವೆಲ್ಡಿಂಗ್‌ನಿಂದ ತುಂಬಿಸಿ, ಮೈಯನ್ನು ಮಟ್ಟ ಮಾಡಿಸಿ, ಹೊಸದಾಗಿ ಕೊರೆಯಿಸಬೇಕು. ವೆಲ್ಡಿಂಗ್‌ನ ಕಾವಿಗೆ ಆ ಭಾಗದ ಅಲ್ಯೂಮಿನಿಯಂ ಮೆತ್ತಗಾಗುವುದರಿಂದ ಹೊಸದಾಗಿ ಕೊರೆದ ರಂಧ್ರಕ್ಕೂ ಮೊದಲಿನಿಂದಲೇ ಒಂದು ಸುರುಳಿ ಹಾಕಿಸಿ.